ಅವ್ವ ಹೋ ಅಂದರೆ ನಿಲ್ಲಬೇಕು

ಹೊಸ ಸಾಮಾನು ಮನೆಗೆ ಬಂದರೆ ನನ್ನ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಗೋಡೆ ಗಡಿಯಾರ ತಂದ ದಿನ ಅದರ ಮುಂದೆ ಕೂತು ಊಟದ ಹೊತ್ತನ್ನೇ ಮರೆತವನು ನಾನು. ಇಂಥವನ ಹೊಲಕ್ಕೆ, ಯುದ್ಧ ಶುರುವಾಗಿ ಸಾಮಾನು ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ, ಕೊಲ್ಹಾಪುರದಿಂದ ಚಕ್ಕಡಿಯ ಮೇಲೆ ಎಣ್ಣೆ ಎಂಜಿನ್ ಬಂತು. ಜೊತೆಗೆ ಕಬ್ಬಿನ ಗಾಣಕ್ಕೆ ಕೂಡಿಸಲು ಒಂದು ಕ್ಲಚ್, ಒಂದು ಬ್ರೇಕ್. ಹಿಡಿಕೆ ಎಳೆದರೆ ಕ್ಲಚ್ ಬಿಟ್ಟುಕೊಂಡು ಎಂಜಿನ್ನೇ ಬೇರೆ, ಗಾಣವೇ ಬೇರೆ. ಅದೇ ಎಳೆತಕ್ಕೆ ಬ್ರೇಕಿನ ಎರಡು ಮರದ ತುಂಡುಗಳು ಗಾಣದ ಭಾರಿ ಚಕ್ರವನ್ನು ಅವುಚಿ ನಿಲ್ಲಿಸುತ್ತವೆ. ಇದನ್ನು ಗಡಹಿಂಗ್ಲಜದ ಸಂತೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದೆ.

ಹೇಳದೆ ಉಳಿಸಿಕೊಂಡದ್ದು ಅವ್ವನ ಕರಾರು. ಗಾಣದ ಬಾಯಿಗೆ ಕಬ್ಬು ಕೊಡುವವಳು ಅವಳೇ. "ಎತ್ತು ಹೋ ಅಂದ್ರ ನಿಂದರತಾವ. ಕೈ ಸಿಕ್ಕರ ನಿನ್ನ ಎಂಜಿನ್ ಮಾತ ಕೇಳತೈತೇನು? ನಾ ಹೋ ಅಂದಾಗ ನಿಂತರ ಇರಲಿ. ಇಲ್ಲಂದ್ರ ಬಂದ ಚಕ್ಕಡ್ಯಾಗ ವಾಪಸ್ ಹೋಗಲಿ" ಎಂದಿದ್ದಳು.

ಜೋಡಿಸಲು ಬಂದ ಮಿಸ್ತ್ರಿ ಬುನಾದಿಯ ಬೋಲ್ಟು ಬಿಗಿದ, ಎಂಜಿನ್ನಿಂದ ಗಾಣಕ್ಕೆ ತಿರುಗುವ ಬೆಲ್ಟಿನ ಪಟ್ಟಾಕ್ಕೆ ಹಲಗೆ ಮರೆ ಕಟ್ಟಿದ, ಹಿಡಿಕೆಯನ್ನು ಅವ್ವನ ಪಕ್ಕಕ್ಕೇ ತಂದ. ನನಗೆ ಮಾತ್ರ, "ಅಣ್ಣಾರ, ಧೋತ್ರ ಎತ್ತಿ ಕಟ್ರಿ, ಜರಾ ದೂರ ನಿಂದರ್ರಿ" ಎನ್ನುತ್ತಲೇ ಇದ್ದ. ಅವನು ಜಳಕಕ್ಕೆ ಹೊಳೆಗೆ ಹೋದದ್ದೇ ತಡ, ನಾನು ಹತ್ತಿರ ಹೋದೆ. ಬ್ರೇಕಿನ ತುಂಡುಗಳಿಗೆ ಹೊಸ ಚರ್ಮ ಬಡಿದಿದ್ದರು. ಒಣಗಿ ಸೆಟೆದಿತ್ತು, ಪಾಪ. ನಮ್ಮ ಕಡೆ ಹೊಸ ಚರ್ಮ ಕಂಡು ಎಣ್ಣೆ ಹಚ್ಚದವರುಂಟೆ? ಹೊಸ ಚಪ್ಪಲಿಗೆ ಔಡಲೆಣ್ಣೆ ಕುಡಿಸದಿದ್ದರೆ ಕಾಲು ಕಚ್ಚದೆ ಬಿಟ್ಟೀತೆ? ಚರ್ಮ ಮಿರಿಮಿರಿ ಮಿಂಚುವ ತನಕ ಕೈತುಂಬ ಎಣ್ಣೆ ತಿಕ್ಕಿದೆ.

ಮಿಸ್ತ್ರಿ ಬಂದು ಎಂಜಿನ್ ಚಾಲೂ ಮಾಡಿದ. ಅವ್ವ ಗಾಣಕ್ಕೂ ಎಂಜಿನ್ನಿಗೂ ಕುಂಕುಮ ಹಚ್ಚಿ, ಉದ್ದ ಕಬ್ಬಿನ ನಡುವೆ ಕೆಂಪು ಅರಿವೆ ಕಟ್ಟಿ ಗಾಣಕ್ಕೆ ಕೊಟ್ಟಳು. ಅರಿವೆ ಅಂದರೆ ಅವಳ ಕೈ ಎಂದು ಲೆಕ್ಕ; ಹೋ ಅಂದಾಗ ಅದು ಹೊರಗೇ ಉಳಿಯಬೇಕು. "ಹೋ" ಎಂದಳು. ಹಿಡಿಕೆ ಎಳೆದೆ. ಕ್ಲಚ್ ಬಿಟ್ಟುಕೊಂಡಿತು; ಚಕ್ರ ಮಾತ್ರ ಬಂದ ವೇಗದಲ್ಲೇ, ಎಣ್ಣೆ ಸ್ನಾನ ಮಾಡಿಸಿಕೊಂಡವರಂತೆ ಹಾಯಾಗಿ ತಿರುಗುತ್ತಲೇ ಇತ್ತು. ಅರಿವೆ ಒಳಗೆ ಹೋಗಿ ಆಚೆ ಕಡೆ ಚಪ್ಪಟೆಯಾಗಿ ಬಂತು. ಅವ್ವ ಎಂಜಿನ್ ತಂದ ಚಕ್ಕಡಿಯ ಕಡೆ ನೋಡಿದಳು.

ಮಿಸ್ತ್ರಿ ಬ್ರೇಕು ಮೂಸಿದ. "ಎಣ್ಣಿ ಯಾರು ಹಚ್ಚಿದ್ರಿ?"

"ಚರ್ಮ ಕಚ್ಚಬಾರದಂತ..."

"ಗಟ್ಟಿ ಹಿಡೀಲಿ ಅಂತನ ಹಾಕಿದ್ದು ಅದನ್ನ, ಅಣ್ಣಾರ. ಒಣಾ ಚರ್ಮ ಬೇಕೀಗ."

ಊರಲ್ಲಿ ಒಣ ಚರ್ಮ ಎಲ್ಲಿಯದು? ಬಾವಿಯಿಂದ ನೀರೆತ್ತುವ ಚರ್ಮದ ಮೋಟೆಯಿಂದ ಹಿಡಿದು ಎಲ್ಲರ ಕಾಲಿನ ತನಕ ಎಲ್ಲವೂ ಎಣ್ಣೆ ಕುಡಿದದ್ದೇ. ಆಗ ಅವ್ವನ ಕಣ್ಣು ನನ್ನ ಕಾಲಿಗೆ ಬಿತ್ತು. ಈ ದಿನಕ್ಕೆಂದೇ ಕೊಂಡ ಹೊಸ ಚಪ್ಪಲಿ; ಎಣ್ಣೆ ಹಚ್ಚಲು ಬೇಸರಪಟ್ಟು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿದ್ದೆ. "ಬಿಡು ಅವನ್ನ" ಎಂದಳು. ಮಿಸ್ತ್ರಿ ಚಕ್ರವನ್ನು ಚೊಕ್ಕಟವಾಗಿ ಒರೆಸಿ, ಎಣ್ಣೆ ಕುಡಿದ ಚರ್ಮ ಕಿತ್ತು, ಚಪ್ಪಲಿಯ ಅಟ್ಟೆ ಕತ್ತರಿಸಿ ಬ್ರೇಕಿನ ತುಂಡುಗಳಿಗೆ ಬಡಿದ. ಯಂತ್ರಕ್ಕೆ ಚಪ್ಪಲಿಯೇ ಎಂದು ಗೊಣಗುತ್ತ ಅವ್ವ ಅವಕ್ಕೂ ಕುಂಕುಮ ಹಚ್ಚಿದಳು.

ಮತ್ತೊಂದು ಕಬ್ಬು, ಮತ್ತೊಂದು ಅರಿವೆ. "ಹೋ." ಎಳೆದೆ. ಗಾಣ ಗಕ್ಕನೆ ನಿಂತಿತು. ಅರಿವೆ ಹೊರಗೇ ಇತ್ತು. ನನಗಾದ ಖುಷಿಗೆ ಮಿತಿಯೇ ಇರಲಿಲ್ಲ. ಇಷ್ಟು ಚಂದ ನಿಂತ ಗಾಣಕ್ಕೆ ಇನ್ನೇನು ಉಪಚಾರ ಮಾಡಲಿ ಎಂದು, ಬರಿಗಾಲಲ್ಲೇ ಓಡಿ, ಎಣ್ಣೆಯ ಗಿಂಡಿ ಎತ್ತಿಕೊಂಡು ಚಕ್ರದ ಹತ್ತಿರ ಬಂದೆ.

"ಹೋ" ಎಂದಳು ಅವ್ವ.

ಗಾಣ ಆಗಲೇ ನಿಂತಿತ್ತು. ಈಗ ನಾನೂ ನಿಂತೆ.