ಬಿಲ್ಲಾ ಆಯೇರಿ

ಮಕ್ಕಳನ್ನು ಓದಿಸುವ ವಿದ್ಯೆಯಲ್ಲಿ ಇಡೀ ಆಳಂದದಲ್ಲಿ ನನ್ನಷ್ಟು ತಿಳಿದವಳು ಇನ್ನೊಬ್ಬಳಿಲ್ಲ ಎಂದು ನಾನು ಸುಮಾರು ಒಂದು ವಾರ ನಂಬಿದ್ದೆ. ಆ ವಾರ ಚೆನ್ನಾಗಿತ್ತು.

ನಾನು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಯಜಮಾನರು ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಮನೆಯ ಹಿತ್ತಲಲ್ಲಿ ಒಂದು ಎಮ್ಮೆ, ಪಡಸಾಲೆಯಲ್ಲಿ ಅತ್ತೆ. ಇಬ್ಬರಿಗೂ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ಒಬ್ಬಳೇ ಮಗಳು ಭಾಗ್ಯಾ. ಘತ್ತರಗಿಯ ಭಾಗ್ಯವಂತಿ ದೇವಿಗೆ ಬೇಡಿಕೊಂಡ ಮೇಲೆ ಹುಟ್ಟಿದವಳಾದ್ದರಿಂದ ಆ ಹೆಸರು. ಈಗ ಐದನೆಯ ತರಗತಿ. ಮನೆಯಲ್ಲಿ ಅವಳ ಬಾಯಿ, ಬಾಗಿಲು ಬಡಿದು ಹಾಕಿದರೂ, ನಿಲ್ಲುವುದಿಲ್ಲ. ಆದರೆ ಪುಸ್ತಕ ತೆರೆದು ಗಟ್ಟಿಯಾಗಿ ಓದು ಎಂದರೆ ಮುಗಿಯಿತು, ಬಾಯಿಗೆ ಬೀಗ. ಅಕ್ಷರ ಬರುತ್ತದೆ, ಬರೆಯುತ್ತಾಳೆ. ನಾಲ್ಕು ಮಂದಿಯ ಮುಂದೆ ಓದಲು ಮಾತ್ರ ಅಂಜಿಕೆ.

ಒಂದು ದಿನ ಟೀಚರ್ ನನ್ನನ್ನು ಶಾಲೆಗೆ ಕರೆಸಿದರು.

"ಈ ತಿಂಗಳು ಮುಗಿಯೂತನಕ ನೋಡ್ತೇನ್ರಿ. ಆಗೂ ಬಾಯಿ ಬಿಡ್ಲಿಲ್ಲಂದ್ರ ಓದಿನ ತಾಸಿಗೆ ಮೂರನೇತ್ತದ ಮಕ್ಕಳ ಜೋಡಿ ಕುಂದ್ರಿಸಬೇಕಾಗ್ತದ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ."

ಮೂರನೆಯ ತರಗತಿಯಲ್ಲಿರುವವನು ಯಾರು? ಪಕ್ಕದ ಮನೆಯ ರೆಹಾನಾ ಭಾಭಿಯ ಮಗ. ನಿನ್ನೆ ಮೊನ್ನೆಯವರೆಗೆ ಭಾಗ್ಯಾಳೇ ಅವನ ಮೂಗು ಒರೆಸುತ್ತಿದ್ದಳು. ಅವನ ಪಕ್ಕ ಕೂತು ಓದಬೇಕೆಂದರೆ ಮಾನ ಎಲ್ಲಿ ಉಳಿಯಿತು? ಅವತ್ತು ಅವಳು ರೊಟ್ಟಿ ಮುಟ್ಟಲಿಲ್ಲ. "ಅವ್ವಾ, ನಾ ಇನ್ನ ಸಾಲಿಗೆ ಹೋಗಂಗಿಲ್ಲ," ಎಂದು ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟಳು. ಈ ಹುಡುಗಿ ಹೇಳಿದ್ದನ್ನು ಮಾಡುವ ಪೈಕಿ.

ಆಗ ಕಡಗಂಚಿಯಲ್ಲಿರುವ ನನ್ನ ತಂಗಿ ಫೋನ್ ಮಾಡಿದಳು. ಮೊಬೈಲಿನಲ್ಲಿ ಏನೇನೋ ನೋಡಿ ಜಗತ್ತಿಗೆಲ್ಲ ಸಲಹೆ ಕೊಡುವುದು ಅವಳ ಉದ್ಯೋಗ.

"ಅಕ್ಕಾ, ಹೊರದೇಶದಾಗ ಮಕ್ಕಳು ಒಂದೊಂದು ಕಲ್ತಾಗ ಒಂದೊಂದು ಬ್ಯಾಡ್ಜ್ ಕೊಡ್ತಾರ. ಅಂಗಿಗೆ ಹಚ್ಕೊಂಡು ತಿರಗ್ತಾವ. ಅದರ ಆಸೆಕ್ಕ ಎಲ್ಲಾ ಕಲ್ತುಬಿಡ್ತಾವ. ನೀ ದರ್ಜಿ ಇದ್ದಿ, ಹೊಲದ್ ಕೊಡ್ಲಿಕ್ಕೆ ಏನ್ ಧಾಡಿ?"

ಮಾತು ನೆಟ್ಟಗೆ ನನ್ನ ಮಷೀನಿಗೇ ಬಂದು ತಾಗಿತು. ಕುಪ್ಪಸ ಹೊಲಿದು ಉಳಿದ ಖಣದ ತುಂಡುಗಳು ನನ್ನಲ್ಲಿ ಚೀಲಗಟ್ಟಲೆ ಇವೆ. ಕೂಡಲೇ ದುಂಡಗೆ ಕತ್ತರಿಸಿ, ಅಂಚು ಹೊಲಿದು, ಒಳಗೆ ದಾರದಲ್ಲಿ ಚಿತ್ರ ತೆಗೆದೆ. ಓದಿಗೆ ಪುಸ್ತಕ, ಮಗ್ಗಿಗೆ ಹೂವು, ಅಚ್ಚುಕಟ್ಟಿಗೆ ಬಾಚಣಿಗೆ. ಬಾಚಣಿಗೆ ನೋಡಿದವರೆಲ್ಲ ಅದನ್ನು ಜರಿಹುಳ ಎಂದರು, ಆ ಮಾತು ಬೇರೆ.

ಯಜಮಾನರು ಒಂದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಛಂದ ಅದ. ಎದಕ್ಕ ಬರ್ತದ, ತಿನ್ನಲಿಕ್ಕೇನು?"

"ಇದು ಬ್ಯಾಡ್ಜ್ ರೀ. ಪ್ರೋತ್ಸಾಹ."

ಅತ್ತೆ ಪಡಸಾಲೆಯಿಂದಲೇ ಕೇಳಿದರು. "ಅಂದ್ರ ಬಿಲ್ಲಾ?"

"ಹೌದ್ರಿ ಅತ್ತಿ, ಬಿಲ್ಲಾ."

"ನಮ್ಮ ಎಮ್ಮಿ ಕಿವಿಗೂ ಡಾಕ್ಟರ್ ಬಿಲ್ಲಾ ಹೊಡದಾರ. ಹಾಲು ಹೆಚ್ಚಿಗಿ ಕೊಡಾಕತ್ತದೇನು?"

ದೊಡ್ಡ ಯೋಜನೆಗಳಿಗೆ ಆರಂಭದಲ್ಲಿ ವಿರೋಧ ಸಹಜ. ನಾನು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಭಾಗ್ಯಾ ಒಬ್ಬಳಿಗೇ ಆದರೆ ಅವಳಿಗೆ ಸಂಕೋಚ ಆಗಬಹುದೆಂದು ಗಲ್ಲಿಯ ಮಕ್ಕಳನ್ನೆಲ್ಲ ಯೋಜನೆಯೊಳಗೆ ಸೇರಿಸಿಕೊಂಡೆ. ಇಲ್ಲಿಂದ ನನ್ನ ಗ್ರಹಚಾರ ಆರಂಭ.

ಮೊದಲ ಬ್ಯಾಡ್ಜು ಗೆದ್ದವಳು ರೆಹಾನಾ ಭಾಭಿಯ ಮಗಳು ಸಾನಿಯಾ. ಹದಿಮೂರರ ಮಗ್ಗಿಯನ್ನು ತಡವರಿಸದೆ ಹೇಳಿದಳು. ನಾನು ಬ್ಯಾಡ್ಜು ಎತ್ತಿ ಅವಳ ಕೈಗೆ ಕೊಡುವಷ್ಟರಲ್ಲಿ ಅತ್ತೆ ತಡೆದರು.

"ತಡಿ. ಮನಿಗಿ ಬಂದ ಹೆಣ್ಣ ಕೂಸಿಗಿ ಖಣ ಹಂಗ ಬರೇ ಕೈಲಿ ಕೊಡ್ತಾರೇನ್ ಬೇ? ರೀತಿ ರಿವಾಜ ಏನೂ ಇಲ್ಲೇನು?"

"ಅತ್ತಿ, ಇದು ಖಣ ಅಲ್ರಿ, ಬ್ಯಾಡ್ಜ್."

"ನನ್ನ ಕಣ್ಣಿಗಿ ಖಣ ಕಾಣ್ತದ," ಎಂದು ಅವರು ತಾಟಿನಲ್ಲಿ ಎಲೆ ಅಡಿಕೆ, ಒಂದು ಹಿಡಿ ಸಕ್ಕರೆ, ಅದರ ಮೇಲೆ ನನ್ನ ಬ್ಯಾಡ್ಜು ಇಟ್ಟು ಕೊಟ್ಟರು. ಸಾನಿಯಾ ತಾಟಿನ ಸಮೇತ ಮನೆಗೆ ಹೋದಳು.

ಮರುದಿನ ರೆಹಾನಾ ಭಾಭಿ ಬಂದರು. ಕೈಯಲ್ಲಿ ನಮ್ಮದೇ ತಾಟು. ಅದರಲ್ಲಿ ಒಂದು ಹೊಸ ಜಂಪರ್ ಪೀಸು, ಮೇಲೆ ಖರ್ಜೂರ.

"ಇದ್ಯಾಕ ಭಾಭಿ?"

"ಅರೇ ಶಾಂತಕ್ಕಾ, ನೀವು ಆಯೇರಿ ಮಾಡಿದ ಮ್ಯಾಲ ನಾವು ಸುಮ್ಕ ಕುಂತ್ರ ಹ್ಯಾಂಗ್ರಿ? ಮಂದಿ ಏನಂದಾರು?"

"ಆಯೇರಿ ಅಲ್ರಿ, ಅದು ಮಗ್ಗಿ ಕಲ್ತಿದ್ದಕ್ಕ ಕೊಟ್ಟಿದ್ದು."

"ಮಾಲೂಮ್ ಅದ್ರಿ. ಮಗ್ಗಿ ಕಲ್ತಿದ್ದಕ್ಕ ಆಯೇರಿ," ಎಂದು ಅವರು ತಾಟು ಇಟ್ಟು ಹೋದರು.

ಆಯೇರಿ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಮದುವೆಯಲ್ಲಿ ಬಂಧುಗಳು ಒಬ್ಬರಿಗೊಬ್ಬರು ಕೊಡುವ ಬಟ್ಟೆಬರೆಯೇ ಆಯೇರಿ. ಯಾವ ಊರಿನ ಯಾರು, ಯಾರಿಗೆ ಏನು ಕೊಟ್ಟರು ಎಂದು ಮೈಕಿನಲ್ಲಿ ಕೂಗಿಯೇ ಕೊಡಬೇಕು. ತೆಗೆದುಕೊಂಡವರು ಮುಂದೆ ಒಂದು ದಿನ ಅಷ್ಟೇ ತೂಕದ್ದನ್ನು ತಿರುಗಿ ಮಾಡಬೇಕು. ನಮ್ಮ ಟ್ರಂಕಿನಲ್ಲಿ ಒಂದು ಖಣ ಇದೆ. ನನ್ನ ಮದುವೆಯಲ್ಲಿ ಹೊರಟದ್ದು, ಅಫಜಲಪುರ, ಜೇವರ್ಗಿ ಎಲ್ಲ ಸುತ್ತಿ, ಮಡಿಕೆ ಕೂಡ ಬಿಚ್ಚದೆ ಮತ್ತೆ ನಮ್ಮ ಮನೆಗೇ ಬಂದಿದೆ. ಬಂದಾಗ ನಾನು ಅದನ್ನು ಗುರುತು ಹಿಡಿದು ಮಾತಾಡಿಸಿದೆ.

ನನ್ನ ಬ್ಯಾಡ್ಜುಗಳಿಗೂ ಅದೇ ಗತಿಯಾಯಿತು. ಸಾನಿಯಾ ತನ್ನ ಹೂವಿನ ಬ್ಯಾಡ್ಜನ್ನು ಭಾಗ್ಯಾಗೆ ಆಯೇರಿ ಮಾಡಿದಳು. ಭಾಗ್ಯಾ ಅದನ್ನು ಎದುರು ಮನೆಯ ಹುಡುಗಿಗೆ ಮಾಡಿದಳು. ಆ ಹುಡುಗಿ ತನ್ನ ಜರಿಹುಳವನ್ನು ಭಾಗ್ಯಾಗೆ ತಿರುಗಿ ಮಾಡಿದಳು. ಹೆಚ್ಚು ದಿನ ಬೇಕಾಗಲಿಲ್ಲ, ಯಾವ ಬಿಲ್ಲೆ ಯಾರು ಏನು ಕಲಿತದ್ದಕ್ಕೆ ಬಂತು ಎಂಬುದು ಆ ಭಾಗ್ಯವಂತಿಗೂ ಗೊತ್ತಾಗದ ಹಾಗಾಯಿತು. ಮಕ್ಕಳು ಕಲಿಯುವುದನ್ನು ಬಿಟ್ಟು ನನ್ನ ಮಷೀನಿನ ಮುಂದೆ ಬಂದು ನಿಲ್ಲತೊಡಗಿದರು.

"ಮೌಸೀ, ನನಗ ಆಯೇರಿ ಬಂದದ. ತಿರುಗಿ ಮಾಡ್ಬೇಕು. ಒಂದು ಬಿಲ್ಲಾ ಹೊಲದ್ ಕೊಡ್ರಿ."

"ಏನರ ಕಲ್ತೀಯೇನು?"

"ಕಲೀತೀನ್ರಿ ಮುಂದ. ಈಗ ಮಾನ ಹೊಂಟದ."

ಮಾನದ ಪ್ರಶ್ನೆ ಬಂದಾಗ ದರ್ಜಿ ಏನು ಮಾಡಬೇಕು? ಹೊಲಿದೆ. ಹಗಲೆಲ್ಲ ಗಿರಾಕಿಗಳ ಕುಪ್ಪಸ, ಸಂಜೆಯೆಲ್ಲ ಮಕ್ಕಳ ಮಾನ. ಅವಸರದಲ್ಲಿ ಕೈಗೆ ಸಿಕ್ಕ ಖಣವನ್ನೆಲ್ಲ ದುಂಡಗೆ ಕತ್ತರಿಸುತ್ತಾ ಹೋದೆ.

ಇದರ ಮೇಲೆ ಅತ್ತೆಯ ಇನ್ನೊಂದು ಕಾಯ್ದೆ ಬಂತು. ಹೆಸರು ಕೂಗದೆ ಮಾಡಿದ ಆಯೇರಿ ಆಯೇರಿಯೇ ಅಲ್ಲವಂತೆ. ಕೊಡುವವರು ಚೀಟಿ ಬರೆದು ತರಬೇಕು, ಒಬ್ಬರು ಮೈಕಿನಲ್ಲಿ ಓದಬೇಕು. ಮೈಕು ಎಲ್ಲಿಂದ ಬರಬೇಕು? ಅತ್ತೆ ತಾವು ನೀರು ಕುಡಿಯುವ ಸ್ಟೀಲ್ ಚಂಬನ್ನು ಭಾಗ್ಯಾಳ ಕೈಗೆ ಕೊಟ್ಟರು. ಚಂಬು ಯಾರ ಮನೆಯದೋ ಕೂಗುವ ಹಕ್ಕು ಅವರ ಮನೆಯದು ಎಂದು ಗಲ್ಲಿಯ ಮಕ್ಕಳೂ ಒಪ್ಪಿದರು.

ಶುರುವಾಯಿತು ನೋಡಿ. ದಿನಾ ಶಾಲೆ ಬಿಟ್ಟ ಕೂಡಲೇ ನಮ್ಮ ಕಟ್ಟೆಯ ಮೇಲೆ ಮದುವೆ. ಚಂಬಿನೊಳಗೆ ಬಾಯಿಟ್ಟು ಭಾಗ್ಯಾ ಕೂಗುವಳು. "ಮಸೂತಿ ಬಾಜೂ ಮನಿ ಸಾನಿಯಾ ಇವರಿಂದಾ, ಎದುರು ಮನಿ ಸವಿತಾಗಾ, ಒಂದು ಬಿಲ್ಲಾ ಆಯೇರೀ!" ಮಕ್ಕಳಿಗೆ ಇಷ್ಟಕ್ಕೆ ಸಮಾಧಾನ ಎಲ್ಲಿ? ಚೀಟಿಗಳು ಉದ್ದವಾಗುತ್ತಾ ಹೋದವು. "ಆಳಂದ ಶಹರದ ಹೆಸರಾಂತ, ನಿನ್ನೆ ಮುಂದಿನ ಹಲ್ಲು ಬಿದ್ದ, ಗೋಲಿ ಆಟದಾಗ ಯಾರಿಗೂ ಸೋಲದ" ಎಂದೆಲ್ಲ ಬಿರುದು ಬಾವಲಿ. ಅಕ್ಷರಗಳೋ, ಇರುವೆ ಮೆರವಣಿಗೆ. ಅದನ್ನೂ ಬಿಡದೆ ಕೂಗುವಳು. ನನ್ನ ತಲೆ ಚಿಟ್ಟು ಹಿಡಿಯಿತು. ಟೀಚರ್ ಕೊಟ್ಟ ಗಡುವು ಹತ್ತಿರ ಬರುತ್ತಿದೆ, ಈ ಹುಡುಗಿ ಪುಸ್ತಕದ ಕಡೆ ಕಣ್ಣು ಕೂಡ ಹಾಯಿಸುತ್ತಿಲ್ಲ! ನಾನು ಎದ್ದು ಹೋಗಿ ಚಂಬು ಕಸಿದುಕೊಂಡೆ.

"ಒದರೋದು ಬಿಟ್ಟು ಒಳಗ ಹೋಗಿ ಓದು. ಇಡೀ ದಿನ ಇದೇ ಆಗ್ಯದ ನಿಂದು."

ಅವಳು ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಹೋದಳು. ನಾನು ಆ ಕಡೆ ತಿರುಗಿದ್ದೇ ತಡ, ಅತ್ತೆ ಚಂಬನ್ನು ತಿರುಗಿ ಅವಳ ಕೈಗೆ ದಾಟಿಸಿದರು.

ಇಷ್ಟರಲ್ಲಿ ಪೇಟೆಯ ಸಾವಕಾರ್ತಿಯೊಬ್ಬರು ಖಣದ ಕುಪ್ಪಸ ಒಯ್ಯಲು ಬಂದರು. ಅಮಾವಾಸ್ಯೆಗೆ ಘತ್ತರಗಿಗೆ ತೊಟ್ಟು ಹೋಗಲು ಹೊಲಿಸಲು ಕೊಟ್ಟಿದ್ದು. ಕುಪ್ಪಸದ ಮೈ ತಯಾರಿತ್ತು, ತೋಳು ಕೂಡಿಸುವುದಷ್ಟೇ ಬಾಕಿ. ಕತ್ತರಿಸಿಟ್ಟಿದ್ದ ತೋಳು ಹುಡುಕಿದೆ, ಸಿಗಲಿಲ್ಲ. ಚೀಲ ಸುರುವಿದೆ, ಮಷೀನಿನ ಕೆಳಗೆ ತೂರಿದೆ. ಸಾವಕಾರ್ತಿ ಕಟ್ಟೆಯ ಮೇಲೆ ಕೂತು ಮಕ್ಕಳ ಆಯೇರಿ ನೋಡುತ್ತಿದ್ದವರು ಒಮ್ಮೆಲೇ ಎದ್ದು ನಿಂತರು.

"ಶಾಂತಾ, ನನ್ನ ತೋಳು ಸಿಕ್ತು ಬಿಡು."

"ಎಲ್ಲದ್ರಿ?"

"ಇಲ್ಲೇ ಅದ. ಒಂದು ಕುಂಟಾಬಿಲ್ಲಿ ಆಡಾಕತ್ತದ, ಇನ್ನೊಂದು ಪೇರಲ ಹಣ್ಣು ತಿನ್ನಾಕತ್ತದ."

ನೋಡಿದೆ. ಅದೇ ಹಸಿರು ಖಣ, ಅದೇ ಕೆಂಪು ಅಂಚು, ಮಕ್ಕಳ ಎದೆಯ ಮೇಲೆ. ನಾನು ನಾಲಿಗೆ ಕಚ್ಚಿಕೊಂಡೆ. ಪುಣ್ಯಕ್ಕೆ ಅವರಿಗೆ ನಗು ಬಂತು. ಆದರೂ ಹೋಗುವಾಗ, "ತೋಳಿಲ್ಲದ ಕುಪ್ಪಸದಾಗ ದೇವಿ ಮುಂದ ನಿಂತು ನಾ ಏನ್ ಹೇಳ್ಲಿ? ನಮ್ಮ ದರ್ಜಿಗೆ ಬುದ್ಧಿ ಕೊಡು ಅಂತ ಬೇಡ್ಕೋತೇನಿ," ಎಂದರು. ಟ್ರಂಕಿನಲ್ಲಿದ್ದ ನನ್ನ ಮದುವೆಯ ಖಣವೇ ಅವರ ತೋಳಾಯಿತು. ಅಷ್ಟು ವರ್ಷ ತಿರುಗಿದ ಖಣಕ್ಕೆ ಕೊನೆಗೂ ಮಡಿಕೆ ಬಿಚ್ಚುವ ಯೋಗ ಬಂತು.

ಗಡುವಿನ ದಿನ ಬಂದೇ ಬಿಟ್ಟಿತು. ಭಾಗ್ಯಾಳ ಯೂನಿಫಾರ್ಮಿನ ಮೇಲೆ ಎಡಕ್ಕೂ ಬಲಕ್ಕೂ ಬಿಲ್ಲೆಗಳೇ ಬಿಲ್ಲೆಗಳು. ಓದಿಲ್ಲದಿದ್ದರೂ ಅಷ್ಟು ಬಿಲ್ಲೆ ನೋಡಿ ಟೀಚರ್ ಮನಸ್ಸು ಕರಗಬಹುದು ಎಂಬ ದೂರದ ಆಸೆಯಿಂದ ನಾನೂ ಜೊತೆಗೆ ಹೋದೆ.

"ಅರೆ ವಾ," ಎಂದರು ಟೀಚರ್. "ಈ ಪುಸ್ತಕದ ಬಿಲ್ಲಾ ಯಾವುದು ಓದಿದ್ದಕ್ಕ ಬಂತು?"

"ಅದು ಸವಿತಾ ಮಾಡಿದ ಆಯೇರಿ ರೀ."

"ಮತ್ತ ಈ ಹೂವಿಂದು?"

"ಅದು ಸಾನಿಯಾಂದ್ರಿ. ಇನ್ನಾ ತಿರುಗಿ ಮಾಡೋದದ."

"ಮತ್ತ ನೀ ಕಲ್ತಿದ್ದಕ್ಕ ಬಂದಿದ್ದು ಯಾವುದು?"

ಭಾಗ್ಯಾ ತನ್ನ ಎದೆಯನ್ನೆಲ್ಲ ಬಗ್ಗಿ ನೋಡಿಕೊಂಡಳು. "ಒಂದೂ ಇಲ್ರಿ."

ಟೀಚರ್ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಭಾರತದ ನಕಾಶೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅವರು ಪುಸ್ತಕ ತೆರೆದು ಅವಳ ಮುಂದೆ ಇಟ್ಟರು. ಕ್ಲಾಸಿಗೆ ಕ್ಲಾಸೇ ಇತ್ತ ತಿರುಗಿತು. ಭಾಗ್ಯಾ ಬಾಯಿ ತೆರೆದಳು, ಮುಚ್ಚಿದಳು. ಮುಗೀತು, ನಾಳೆಯಿಂದ ಈ ಕೂಸು ಶಾಲೆಯ ಮುಖ ನೋಡುವುದಿಲ್ಲ ಎಂದುಕೊಂಡು ಮನಸ್ಸಿನಲ್ಲೇ ಭಾಗ್ಯವಂತಿಗೆ ಕೈ ಮುಗಿದೆ.

ಭಾಗ್ಯಾ ಅತ್ತ ಇತ್ತ ನೋಡಿದಳು. ಟೀಚರ್ ಮೇಜಿನ ಮೇಲೆ ನೀರಿನ ಲೋಟ ಇತ್ತು. ಅದನ್ನು ಎತ್ತಿ, ಇದ್ದ ನೀರು ಗಟಗಟ ಕುಡಿದು, ಖಾಲಿ ಲೋಟವನ್ನು ಬಾಯಿಗೆ ಹಿಡಿದಳು.

"ಪಾಠ ಎಂಟೂ, ನಮ್ಮ ನದಿಗಳೂ!"

ಕಿಟಕಿಯ ಮೇಲಿದ್ದ ಗುಬ್ಬಿ ಹಾರಿಹೋಯಿತು. ಅವಳು ನಿಲ್ಲಲಿಲ್ಲ. ಗೋಲಿ ಆಟದ ಶೂರರ ಇರುವೆ ಅಕ್ಷರಗಳನ್ನೇ ಓದಿ ದಾಟಿದವಳಿಗೆ ಅಚ್ಚಿನ ಅಕ್ಷರ ಯಾವ ಲೆಕ್ಕ? ಒಂದು ಒತ್ತಕ್ಷರ ಬಿಡದೆ, ಪುಟದ ಕೊನೆಯವರೆಗೆ, ಮದುವೆ ಮಂಟಪದ ಗತ್ತಿನಲ್ಲಿ ಓದಿದಳು. "ರೈತರ ಹೊಲಗಳಿಗೆ ನೀರೂ, ಭೀಮಾ ನದಿ ಇವರಿಂದಾ!" ಎಂದು ಮುಗಿಸಿದಳು. "ಇವರಿಂದಾ" ಪುಸ್ತಕದಲ್ಲಿ ಇರಲಿಲ್ಲ.

ಟೀಚರ್ ಕಿವಿಯಿಂದ ಕೈ ತೆಗೆದರು. "ಎಲ್ಲೂ ಹೋಗೋದು ಬ್ಯಾಡ, ನಿನ್ನ ಜಾಗಾದಾಗ ಕುಂದ್ರು. ಆದ್ರ ಜರಾ ಮೆಲ್ಲಕ ಓದು." ಆಮೇಲೆ ನನ್ನ ಕಡೆ ತಿರುಗಿದರು. "ಏನ್ ಮಾಡಿದ್ರಿ ಮನ್ಯಾಗ?"

ನಾನು ಮಾಡಿದ್ದು ಚಂಬು ಕಸಿದುಕೊಂಡದ್ದು. ಅದನ್ನು ಹೇಗೆ ಹೇಳಲಿ? "ಅವರ ಆಯಿ, ನಮ್ಮ ಅತ್ತಿಯವರು, ಜರಾ ನೋಡ್ಕೊಂಡ್ರು ರೀ," ಎಂದು ಅಲ್ಲಿಂದ ಕಾಲು ಕಿತ್ತೆ. ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಖುಷಿಗೆ ಅಳು, ನಾಚಿಕೆಗೆ ನಗು, ಎರಡೂ ಒಟ್ಟಿಗೇ ಬರುತ್ತಿದ್ದವು.

ಮನೆಗೆ ಬಂದವಳೇ ಜರಿ ದಾರ ತೆಗೆದು ಒಂದು ಬಿಲ್ಲೆ ಹೊಲಿದೆ. ಈ ಇಡೀ ಯೋಜನೆಯಲ್ಲಿ ಭಾಗ್ಯಾ ನ್ಯಾಯವಾಗಿ ಗಳಿಸಿದ ಒಂದೇ ಒಂದು ಬಿಲ್ಲೆ. ಶಾಲೆ ಬಿಟ್ಟು ಬಂದ ಭಾಗ್ಯಾಳ ಮುಂದೆ ಹಿಡಿದೆ. ಅವಳು ಹಿಂದೆ ಸರಿದಳು.

"ಬ್ಯಾಡವ್ವಾ. ಸಾನಿಯಾಂದು ಈಗರ ತಿರುಗಿ ಮಾಡಿ ಮುಗಿಸಿ ಬಂದೀನಿ. ಮತ್ತ ಇದನ್ನ ಯಾರು ತಿರುಗಿ ಮಾಡ್ಬೇಕು?"

ಯಜಮಾನರು ನಗು ತಡೆಯಲಾಗದೆ ಎಮ್ಮೆಗೆ ಮೇವು ಹಾಕುವ ನೆಪ ಮಾಡಿ ಹಿತ್ತಲಿಗೆ ಹೋದರು. ಅತ್ತೆ ಎದ್ದು ಬಂದರು. ನನ್ನ ಕೈಯಲ್ಲಿದ್ದ ಬಿಲ್ಲೆ ತೆಗೆದುಕೊಂಡು ತಾಟಿನಲ್ಲಿಟ್ಟರು, ಪಕ್ಕದಲ್ಲಿ ಎಲೆ ಅಡಿಕೆ, ಸಕ್ಕರೆ. ಮೊಮ್ಮಗಳ ಕೈಗೆ ಚಂಬು ಕೊಟ್ಟು ಕಿವಿಯಲ್ಲಿ ಏನೋ ಹೇಳಿದರು. ಭಾಗ್ಯಾ ಕಟ್ಟೆ ಹತ್ತಿ ನಿಂತಳು.

"ಅತ್ತಿಯವರಿಂದಾ, ಸೊಸಿ ಶಾಂತಾಬಾಯಿಗೀ, ಬುದ್ಧಿ ಕಲ್ತಿದ್ದಕ್ಕಾ, ಒಂದು ಬಿಲ್ಲಾ ಆಯೇರೀ!"

ಬಸ್ ನಿಲ್ದಾಣದವರೆಗೆ ಕೇಳಿಸಿತಂತೆ. ನಾನು ತಲೆ ಬಗ್ಗಿಸಿ ಸೆರಗಿಗೆ ಹಚ್ಚಿಸಿಕೊಂಡೆ. ಈಗ ಅದನ್ನು ತಿರುಗಿ ಮಾಡಬೇಕಲ್ಲ, ಅದೇ ಚಿಂತೆ. ಅತ್ತೆ ಏನಾದರೂ ಹೊಸದು ಕಲಿಯಲಿ ಎಂದು ಕಾಯುತ್ತಿದ್ದೇನೆ. ಕೇಳಿದರೆ, ಕಲಿಯುವುದು ಅವರಿಗೆ ಏನೂ ಬಾಕಿ ಇಲ್ಲವಂತೆ.