ಊಟದ ಮೇಜಿನ ಗಡಿಗೆರೆ ಹೋಗದಿರುವ ಬಗ್ಗೆ

ಇಂದ:
ಹಿರಿಯ ಮಗ (ವೃತ್ತಿಯಲ್ಲಿ ಸರ್ವೆಯರ್),
ಸದ್ಯದ ವಾಸ: ಹಾಲ್‌ನ ಸೋಫಾ.

ಗೆ:
ಮಾನ್ಯ ಅಮ್ಮನವರು,
ಈ ಮನೆಯ ಸರ್ವಾಧಿಕಾರಿಗಳು,
ಅರ್ಜಿದಾರನ ಮಟ್ಟಿಗೆ ಚಿಲಕ ಹಾಕಿರುವ ಕೋಣೆ.

ವಿಷಯ: ಅಡುಗೆಮನೆಯಿಂದ ಊಟದ ಮೇಜಿನವರೆಗೆ ಎಳೆದ ಪರ್ಮನೆಂಟ್ ಮಾರ್ಕರ್ ಗೆರೆಯನ್ನು ಅಳಿಸಲು ವಿಫಲನಾದ ಬಗ್ಗೆ, ಹಾಗೂ ತಾವು ಮತ್ತೆ ಮೇಜಿಗೆ ಊಟಕ್ಕೆ ಬರುವ ಬಗ್ಗೆ.

ಉಲ್ಲೇಖ: ಕಳೆದ ಭಾನುವಾರ ಮಧ್ಯಾಹ್ನ ತಾವು ಅರ್ಜಿದಾರನನ್ನು ನೋಡಿದ ನೋಟ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಲೆತಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಭಾನುವಾರ ತಮ್ಮ ಹಿರಿಸೊಸೆಗೂ ಕಿರಿಸೊಸೆಗೂ ಮಿಕ್ಸಿ ಇಡುವ ಜಾಗದ ವಿಚಾರವಾಗಿ ಮಾತಿಗೆ ಮಾತು ಬೆಳೆಯಿತು. ಓರಗಿತ್ತಿಯರ ಜಗಳದಲ್ಲಿ ಮೂಗು ತೂರಿಸಬಾರದೆಂಬ ಕನಿಷ್ಠ ಜ್ಞಾನ ತಮ್ಮ ಕಿರಿಯ ಮಗನಿಗಿತ್ತು. ಅವನು ಪೇಪರ್ ಹಿಡಿದು ಬಾಲ್ಕನಿಗೆ ಹೋದನು. ಅರ್ಜಿದಾರನಿಗೆ ಆ ಜ್ಞಾನ ಇರಲಿಲ್ಲ. ಕಾರಣ, ಕಂಡವರ ಜಮೀನು ಅಳೆದೂ ಅಳೆದೂ, ಎಲ್ಲಿ ಇಬ್ಬರು ದನಿ ಏರಿಸಿದರೂ ಟೇಪು ಹುಡುಕುವ ಚಾಳಿ ಅವನಿಗೆ ಅಂಟಿದೆ.

2. ಆದ್ದರಿಂದ ಅವನು ಅಡುಗೆಕಟ್ಟೆಯನ್ನು ಅಳೆದು, ಗಡಿಕಲ್ಲಿನ ಮೇಲೆ ನಂಬರು ಬರೆಯುವ ಮಾರ್ಕರಿನಿಂದ ಸರಿಯಾಗಿ ನಡುವೆ ಗೆರೆ ಎಳೆದನು. ಬಿಸಿಲಿಗೂ ಮಳೆಗೂ ಜಗ್ಗದ ಮಾರ್ಕರ್ ಅದು. ಕೈಗೆ ಹುರುಪು ಬಂದ ಕಾರಣ ಗೆರೆಯು ಕಟ್ಟೆಯಲ್ಲಿ ನಿಲ್ಲದೆ, ಫ್ರಿಜ್ಜಿನ ಬಾಗಿಲು, ಗೋಡೆ ಎಲ್ಲವನ್ನೂ ಹಾಯ್ದು, ಊಟದ ಮೇಜಿನ ಉದ್ದಕ್ಕೂ ಸಾಗಿ ತಮ್ಮ ಕುರ್ಚಿಯ ಎದುರು ನಿಂತಿತು. ಎಡಕ್ಕೆ "ಹಿರಿ", ಬಲಕ್ಕೆ "ಕಿರಿ" ಎಂದೂ ಬರೆಯಲಾಯಿತು.

3. ಅಷ್ಟರಲ್ಲಿ ತಾವು ತಟ್ಟೆ ಹಿಡಿದು ಊಟಕ್ಕೆ ಬಂದಿರಿ. ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ನಾನು ಯಾವ ಕಡೆಗೆ ಬರ್ತೀನಪ್ಪಾ?" ಎಂದು ಕೇಳಿದಿರಿ. ಅರ್ಜಿದಾರನು ತಲೆ ಎತ್ತದೆ, "ಅದನ್ನ ಆಮೇಲೆ ನೋಡೋಣಮ್ಮ" ಎಂದನು.

4. ಈ ಮಾತನ್ನು ಅವನು ಕಚೇರಿಯಲ್ಲಿ ದಿನಬೆಳಗಾದರೆ ಯಾರಿಗಾದರೂ ಹೇಳುತ್ತಲೇ ಇರುತ್ತಾನೆ. ಕೇಳಿದವರು ತಲೆಯಾಡಿಸಿ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ತಾವು ಅರ್ಜಿದಾರನನ್ನು ಒಮ್ಮೆ ನೋಡಿ, ತಟ್ಟೆಯೊಂದಿಗೆ ಕೋಣೆಗೆ ಹೋದಿರಿ. ಅಂದಿನಿಂದ ಊಟ ಅಲ್ಲೇ. ಸೊಸೆಯಂದಿರ ಜೊತೆ ಮಾತುಂಟು, ಕಿರಿಮಗನ ಜೊತೆ ನಗುವೂ ಉಂಟು. ಅರ್ಜಿದಾರ ಬಾಗಿಲು ತಟ್ಟಿದರೆ ಮಾತ್ರ ಒಳಗಿನ ರೇಡಿಯೋ ಜೋರಾಗುತ್ತದೆ.

5. ಜಗಳವಾಡಿದ ಇಬ್ಬರೂ ಸಂಜೆಯೊಳಗೆ ಒಂದಾಗಿ, ಒಂದೇ ಬಾಯಲ್ಲಿ ಅರ್ಜಿದಾರನನ್ನು "ಮನೆಮುರುಕ" ಎಂದು ತೀರ್ಮಾನಿಸಿದರು. ಅವರನ್ನು ಒಂದು ಮಾಡಿದ ಪುಣ್ಯ ತನಗೇ ಸೇರಬೇಕೆಂದು ಅವನು ವಾದಿಸಿ ನೋಡಿದನು. ಸೋಫಾ ಮಂಜೂರಾದದ್ದು ಆಗಲೇ.

6. ಗೆರೆ ಅಳಿಸಲು ಕೈಗೊಂಡ ಕ್ರಮಗಳು:

(ಅ) ಕಲ್ಲಿನ ಕಟ್ಟೆ: ಸ್ಪಿರಿಟ್ ಹಾಕಿ ಒರೆಸಲಾಗಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಹೋಯಿತು. ಅರ್ಜಿದಾರನಿಗೆ ತಲೆ ತಿರುಗಿದ್ದು ಈ ಯಶಸ್ಸಿನಿಂದಲೇ.

(ಆ) ಫ್ರಿಜ್: ಹೆಂಡತಿಯ ಉಗುರುಬಣ್ಣ ತೆಗೆಯುವ ದ್ರಾವಣ ಬಳಸಲಾಗಿ, ಗೆರೆಯ ಜೊತೆ ಫ್ರಿಜ್ಜಿನ ಬಣ್ಣವೂ ಎದ್ದು ಬಂತು. ಕಪ್ಪು ಗೆರೆ ಇದ್ದಲ್ಲಿ ಈಗ ಬಿಳಿ ಗೆರೆ ಇದೆ. ಬಾಟಲಿ ಖಾಲಿಯಾದ ವಿಚಾರಕ್ಕೆ ಹೆಂಡತಿಯ ಬಳಿ ಪ್ರತ್ಯೇಕ ಕಡತವಿದೆ.

(ಇ) ಗೋಡೆ: ಪೇಂಟ್ ಬಳಿಯಲಾಯಿತು; ಒಣಗುತ್ತಲೇ ಗೆರೆ ಒಳಗಿನಿಂದ ಇಣುಕಿತು. ಮತ್ತೆ ಬಳಿಯಲಾಯಿತು, ಮತ್ತೆ ಇಣುಕಿತು. ಕಿರಿಯ ಮಗನು ಪೇಪರಿನಿಂದ ತಲೆ ಎತ್ತಿ, ಅದಕ್ಕೂ ಅಣ್ಣನ ಹಾಗೆಯೇ ಹಟ ಎಂದು ಅಭಿಪ್ರಾಯ ದಾಖಲಿಸಿದನು.

(ಈ) ಮೇಜು: ಟೂತ್‌ಪೇಸ್ಟ್ ತಿಕ್ಕಿ ಸೋತು, ಸ್ಯಾಂಡ್‌ಪೇಪರಿನಿಂದ ಉಜ್ಜಲಾಯಿತು. ಕೆರೆದು ಕೆರೆದು ಹುಣ್ಣು ಮಾಡಿದ್ದಾಯಿತು. ಪಾಲಿಷ್ ಹೋಗಿ, ಮರವೂ ಸವೆದು, ಗೆರೆಯಿದ್ದ ಜಾಗದಲ್ಲಿ ಕಾಲುವೆ ಬಿದ್ದಿದೆ. ಈಗ ಯಾರು ಎಲ್ಲಿ ನೀರು ಚೆಲ್ಲಿದರೂ ಅದು ನೇರವಾಗಿ ತಮ್ಮ ಖಾಲಿ ಕುರ್ಚಿಯ ಕಡೆಗೇ ಹರಿಯುತ್ತದೆ.

7. ಮೇಲಿನ ಕಾರಣಗಳಿಂದ ಗೆರೆ ಹೋಗುವುದಿಲ್ಲವೆಂದು ಖಚಿತಪಟ್ಟಿದೆ. ಮನೆಯ ಮೂಲೆಮೂಲೆ ಅಳೆದವನಿಗೆ ತಾವು ಮಾತ್ರ ಏಕೆ ನೆನಪಾಗಲಿಲ್ಲವೆಂದು ತಾವು ಕೇಳಬಹುದು. ತಾವಿರುವ ಕಡೆಯೇ ಮನೆ ಎಂದುಕೊಂಡಿದ್ದವನಿಗೆ, ತಮ್ಮನ್ನು ಒಂದು ಕಡೆಗೆ ಸೇರಿಸಬೇಕೆಂಬುದು ಹೊಳೆಯಲೇ ಇಲ್ಲ. ಇದು ಸಮಜಾಯಿಷಿಯಲ್ಲ. ಅವನಿಗೆ ನಾಚಿಕೆಯಾಗಿದೆ.

ಆದ್ದರಿಂದ ತಾವು ದಯಮಾಡಿ ಮೇಜಿಗೆ ಬಂದು, ತಮಗೆ ಬೇಕಾದ ಕಡೆ, ಬೇಕಾದರೆ ಗೆರೆಯ ಮೇಲೆಯೇ ತಟ್ಟೆ ಇಟ್ಟು ಊಟ ಮಾಡಬೇಕೆಂದು ಅರ್ಜಿದಾರನು ಬೇಡಿಕೊಳ್ಳುತ್ತಾನೆ.

ತಮ್ಮ ವಿಶ್ವಾಸ ಕಳೆದುಕೊಂಡಿದ್ದರೂ ತಮ್ಮ ವಿಶ್ವಾಸಿಯೇ ಆದ,
ಹಿರಿಯ ಮಗ

ಲಗತ್ತುಗಳು:
1. ಮಾರ್ಕರ್ (ಇನ್ನೂ ಬರೆಯುತ್ತದೆ, ದಯವಿಟ್ಟು ಬಚ್ಚಿಡುವುದು).
2. ಒರೆಸಿದ ಬಟ್ಟೆ (ಇದು ತಮ್ಮ ಹೊಸ ಟವೆಲ್ ಎಂಬುದು ತಡವಾಗಿ ಗಮನಕ್ಕೆ ಬಂದಿದೆ).

ವಿ.ಸೂ.: ಅರ್ಜಿಯನ್ನು ತಿರಸ್ಕರಿಸುವುದಾದರೆ ಲಿಖಿತ ಹಿಂಬರಹದ ಅಗತ್ಯವಿಲ್ಲ. ಅರ್ಜಿದಾರನು ಬಾಗಿಲ ಹೊರಗೇ ನಿಂತಿದ್ದಾನೆ. ಆದ ಕಾರಣ, ರೇಡಿಯೋ ಆರಿಸಿ, ಅವನನ್ನು ಒಳಗೆ ಕರೆದು, ಎದುರಿಗೆ ನಿಲ್ಲಿಸಿಕೊಂಡು ಬಾಯಿತುಂಬ ಬೈಯಬೇಕಾಗಿ ವಿನಂತಿ.