ಕುಸುರೆಳ್ಳಿನ ಕಿರೀಟ

ನಮ್ಮ ಸೋದರತ್ತೆ ತನ್ನ ಜೀವಮಾನದಲ್ಲಿ ಅಂಗಡಿಯವನನ್ನು ನಂಬಿ ತಂದ ಪದಾರ್ಥಗಳು ಎರಡೇ: ಉಪ್ಪು ಮತ್ತು ಸಕ್ಕರೆ. ಅದೂ ಅಂಗಡಿಯವನ ಮೇಲಿನ ಪ್ರೀತಿಯಿಂದಲ್ಲ. ಉಪ್ಪಿಗೆ ಸಮುದ್ರ ಬೇಕು, ಸಕ್ಕರೆಗೆ ಕಾರ್ಖಾನೆ ಬೇಕು. ಬನಹಟ್ಟಿಯ ಅವಳ ಹಿತ್ತಲಲ್ಲಿ ಎರಡಕ್ಕೂ ಜಾಗ ಸಾಲಲಿಲ್ಲ.

ಉಳಿದದ್ದೆಲ್ಲ ಮನೆಯಲ್ಲೇ ಆಗಬೇಕು. ಶಾವಿಗೆ, ಸಂಡಿಗೆ, ಹಪ್ಪಳ ಸರಿ, ಅವನ್ನು ಎಲ್ಲರೂ ಮಾಡುತ್ತಾರೆ. ಅತ್ತೆ ಕಾಡಿಗೆ ಮಾಡುತ್ತಿದ್ದಳು, ಕುಂಕುಮ ಮಾಡುತ್ತಿದ್ದಳು, ಹಲ್ಲುಪುಡಿಯನ್ನೂ ಮಾಡುತ್ತಿದ್ದಳು. ಹಲ್ಲುಪುಡಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ. ಅದನ್ನು ವರ್ಷಗಟ್ಟಲೆ ಬಳಸಿದವನು ಅವಳ ಗಂಡ, ನಮ್ಮ ಮಾಮಾ. ಅವನ ಬಾಯಲ್ಲಿ ಅದರ ಗುಣಗಾನ ಮಾಡಲು ಬೇಕಾದಷ್ಟು ಹಲ್ಲು ಉಳಿದಿರಲಿಲ್ಲ.

ಅತ್ತೆ ನಮ್ಮ ಅಪ್ಪನ ಅಕ್ಕ. ನಾವಿದ್ದದ್ದು ಜಮಖಂಡಿಯಲ್ಲಿ. ಅಪ್ಪ ಅಲ್ಲಿ ಒಂದು ಶಾಲೆಯ ಹೆಡ್‌ಮಾಸ್ತರು. ಅತ್ತೆಯನ್ನು ಬನಹಟ್ಟಿಯ ಮಗ್ಗದ ಮನೆಗೆ ಕೊಟ್ಟಿದ್ದರು. ಮನೆಯ ಬೆನ್ನಿಗೇ ಪವರ್‌ಲೂಮಿನ ಶೆಡ್ಡು, ಹಗಲೆಲ್ಲ ಖಟ್ ಖಟ್ ಸದ್ದು. ಆ ಮನೆಯವರು ಒಬ್ಬರಿಗೊಬ್ಬರು ಪ್ರೀತಿಯ ಮಾತನ್ನೂ ಕೂಗಿಯೇ ಹೇಳುತ್ತಿದ್ದರು. ಇದು ಎಪ್ಪತ್ತರ ದಶಕದ ಮಾತು. ಆಗ ನಾನು ಕಾಲೇಜಿಗೆ ಹೋಗುವ ಹುಡುಗಿ. ಹಬ್ಬ ಹತ್ತಿರ ಬಂತೆಂದರೆ ಕೂಲಿಯಿಲ್ಲದ ಆಳಾಗಿ ನನ್ನನ್ನು ಬನಹಟ್ಟಿಯ ಬಸ್ಸಿಗೆ ಹತ್ತಿಸುತ್ತಿದ್ದರು.

ಹಬ್ಬ ಅಂದರೆ ಸಂಕ್ರಮಣ. ನಮ್ಮ ಕಡೆ ಸಂಕ್ರಮಣಕ್ಕೆ ಕುಸುರೆಳ್ಳು ಬೇಕೇ ಬೇಕು. ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಹಾಕುತ್ತ, ಸಣ್ಣ ಕೆಂಡದ ಮೇಲಿನ ಪರಾತದಲ್ಲಿ ಬೆರಳಿನಿಂದ ಆಡಿಸುತ್ತ ಕೂತರೆ ಒಂದೊಂದು ಕಾಳಿನ ಮೈಮೇಲೂ ಬಿಳಿ ಮುಳ್ಳು ಏಳುತ್ತವೆ. ಬುದ್ಧಿಯಿದ್ದವರು ಪೇಟೆಯಿಂದ ತರುತ್ತಾರೆ. ಅತ್ತೆ ಮನೆಯಲ್ಲೇ ಮಾಡುತ್ತಿದ್ದಳು. ಅಷ್ಟೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಸದ್ದಾದರೆ ಮುಳ್ಳು ಏಳುವುದಿಲ್ಲ ಎಂಬುದು ಅವಳ ಸಿದ್ಧಾಂತ. ಹೊಸದಾಗಿ ಏಳುವ ಮುಳ್ಳು ಹಸುಗೂಸಿದ್ದಂತೆ, ಸದ್ದಿಗೆ ಬೆಚ್ಚಿ ಒಳಗೆ ಹೋಗಿಬಿಡುತ್ತದಂತೆ. ಆದ್ದರಿಂದ ಕುಸುರೆಳ್ಳು ಮಾಡುವಷ್ಟು ದಿನವೂ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಮಗ್ಗಗಳೂ ಬಂದ್. ಊರಿನ ನೇಕಾರರೆಲ್ಲ ದೀಪಾವಳಿಗೆ ಕಾಯುತ್ತಿದ್ದರೆ ಮಾಮಾನ ಶೆಡ್ಡಿನವರು ಸಂಕ್ರಮಣಕ್ಕೆ ಕಾಯುತ್ತಿದ್ದರು.

"ಎಳ್ಳಿಗೆಲ್ಲಿ ಕಿವಿ ಅದಾವ?" ಎಂದು ಮಾಮಾ ಒಮ್ಮೆ ಕೇಳಿದನಂತೆ.

"ನಿಮಗ ಅದಾವಲ್ಲ, ಏನ ಉಪಯೋಗ ಆಗೇತಿ?" ಅಂದಳಂತೆ ಅತ್ತೆ. ಮಾಮಾ ಮತ್ತೆ ವಿಜ್ಞಾನದ ಗೊಡವೆಗೆ ಹೋಗಲಿಲ್ಲ.

ಒಂದು ವರ್ಷ ಹೀಗೆ ಮೌನ ನಡೆದಿರುವಾಗ ಮುಧೋಳದಿಂದ ಮಾಮಾನ ದೂರದ ತಂಗಿಯೊಬ್ಬಳು ಬಂದಳು. ಬಾಗಿಲಲ್ಲಿ ನಿಂತು ಅವಳು ನೋಡಿದ್ದಿಷ್ಟು: ಮಗ್ಗಗಳು ನಿಂತಿವೆ. ಹೆಂಗಸರು ಬೆಂಕಿಯ ಸುತ್ತ ತಲೆ ತಗ್ಗಿಸಿ ಕೂತಿದ್ದಾರೆ. ಅಣ್ಣ ಮಾತಾಡದೆ ಕೈಯಿಂದಲೇ ಕೂರು ಎಂದು ಸನ್ನೆ ಮಾಡುತ್ತಿದ್ದಾನೆ. ಮೂಲೆಯಲ್ಲಿ ಅತ್ತೆಯ ಅತ್ತೆ, ಆ ಮನೆಯ ಹಿರಿಯ ಮುದುಕಿ, ತಲೆಯ ತನಕ ಕಂಬಳಿ ಹೊದ್ದು ಮಲಗಿದ್ದಾಳೆ. ಇನ್ನೇನು ಬೇಕು? ಕೈಚೀಲ ಒಗೆದು, ಕಂಬಳಿಯ ಮೇಲೆ ಬಿದ್ದು ಅಳತೊಡಗಿದಳು.

"ಯವ್ವಾ, ನನಗೊಂದ ಮಾತ ಹೇಳದ ಹೋದೆಲ್ಲಬೇ."

ಕಂಬಳಿ ಸರಿಯಿತು. ಮುದುಕಿ ಗಾಬರಿಯಿಂದ ಎದ್ದು ಕೂತು, "ಯಾರಬೇ? ಯಾರ ಹೋದರು?" ಎಂದು ತಾನೂ ಅಳತೊಡಗಿದಳು.

ಅತ್ತೆ ಮಾತ್ರ ಪರಾತದಿಂದ ಕೈ ತೆಗೆಯಲಿಲ್ಲ. ಇಬ್ಬರ ಅಳು ನಿಂತ ಮೇಲೆ ನಿಧಾನವಾಗಿ ಹೇಳಿದಳು: "ಮಂದಿ ಯಾರೂ ಸತ್ತಿಲ್ಲ. ನೀವು ಅತ್ತ ಸದ್ದಿಗೆ ನನ್ನ ಎಳ್ಳು ಸತ್ತಾವು. ಈಗ ಕುಂತು ಬೇಕಾದಷ್ಟು ಅಳ್ರಿ."

ಕುಸುರೆಳ್ಳು ಬರೀ ತಿನ್ನುವುದಕ್ಕಾದರೆ ಹೇಗೋ ಸಹಿಸಬಹುದಿತ್ತು. ಮದುವೆಯಾದ ಮೊದಲ ಸಂಕ್ರಮಣದಲ್ಲಿ ಹುಡುಗಿಗೆ ಕರಿ ಸೀರೆ ಉಡಿಸಿ, ಕುಸುರೆಳ್ಳಿನಿಂದಲೇ ಮಾಡಿದ ಒಡವೆ ತೊಡಿಸಿ, ಓಣಿಯವರನ್ನೆಲ್ಲ ಅರಿಷಿಣ ಕುಂಕುಮಕ್ಕೆ ಕರೆಯುವ ಪದ್ಧತಿಯುಂಟಲ್ಲ, ಅದು ಅತ್ತೆಯ ನಿಜವಾದ ರಣರಂಗ. ಸರ, ವಂಕಿ, ಬಳೆ, ಡಾಬು, ಜುಮಕಿ ಎಲ್ಲವನ್ನೂ ಅವಳೇ ಮಾಡುತ್ತಿದ್ದಳು. ಮಗ್ಗದ ನೂಲಿನಲ್ಲಿ ಕಾಳು ಪೋಣಿಸಿ, ಕತ್ತರಿಸಿದ ರಟ್ಟಿನ ಮೇಲೆ ಸಾಲಾಗಿ ಕೂರಿಸುವುದು. ಆ ರಟ್ಟು ಎಂದರೆ ವರ್ಷವಿಡೀ ಮನೆಗೆ ಬಂದ ಮದುವೆಯ ಕಾರ್ಡುಗಳು. ಕಾರ್ಡು ಕೈಗೆ ಬಂದ ಕೂಡಲೇ ಅತ್ತೆ ವಧೂವರರ ಹೆಸರು ಓದುತ್ತಿರಲಿಲ್ಲ, ಬಗ್ಗಿಸಿ ನೋಡುತ್ತಿದ್ದಳು. "ಇದು ಬಾಳ ತೆಳ್ಳಗ ಐತಿ, ಈ ಮದುವಿ ತಾಳಿಕಿ ಬರೂದಿಲ್ಲ," ಎಂದು ಭವಿಷ್ಯ ಬೇರೆ ಹೇಳುತ್ತಿದ್ದಳು.

ಓಣಿಗೆ ಬಂದ ಯಾವ ಹೊಸ ಸೊಸೆಯೂ ಅವಳ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ರಬಕವಿಯಿಂದ ಬಂದ ಒಬ್ಬ ಹುಡುಗಿ ಎಲ್ಲ ತೊಟ್ಟುಕೊಂಡು ಮಣೆಯ ಮೇಲೆ ಗೊಂಬೆಯಂತೆ ಕೂತಿದ್ದಳು. ಹೆಂಗಸರು ಹಾಡು ಶುರು ಮಾಡಿದರು. ಹುಡುಗಿ ಮೊದಲು ಭುಜ ಕುಣಿಸಿದಳು, ಆಮೇಲೆ ಸೊಂಟ ತಿರುವಿದಳು, ಆಮೇಲೆ ಮಣೆಯಿಂದಲೇ ಜಿಗಿದು ಹಿತ್ತಲಿಗೆ ಓಡಿದಳು. ಸೊಂಟದ ಡಾಬಿನೊಳಗೆ ಇರುವೆಗಳ ದಂಡು. ಹುಡುಗಿಯ ಅತ್ತೆ ಜಗಳಕ್ಕೆ ಬಂದಳು.

"ನಿಮ್ಮ ಒಡವಿಗೆ ಇರವಿ ಹತ್ಯಾವಲ್ರಿ."

"ಹತ್ತಬೇಕವಾ," ಅಂದಳು ನಮ್ಮ ಅತ್ತೆ. "ಅಸಲಿ ಸಕ್ರಿ ಅನ್ನೂದಕ್ಕ ಅದ ಸಾಕ್ಷಿ. ನಿಮ್ಮ ಬಂಗಾರಕ್ಕ ಒಂದ ಇರವಿ ಹತ್ತಿಸಿ ತೋರಸು ನೋಡೂಣು."

ಇಂಥ ಅತ್ತೆಯ ಎದುರಿಗೆ ನಮ್ಮ ಮನೆಯ ಪ್ರಶ್ನೆಯೊಂದು ಬಂದು ನಿಂತಿತು.

ನನ್ನ ಅಕ್ಕ ಕಸ್ತೂರಿ ಬೀಳಗಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಅಲ್ಲಿಯೇ ಅವಳ ಜೊತೆ ಕಲಿಸುತ್ತಿದ್ದ ಒಬ್ಬ ಮಾಸ್ತರನನ್ನು ರಿಜಿಸ್ಟರ್ ಮದುವೆಯಾದಳು. ಹುಡುಗ ಬೇರೆ ಜಾತಿಯವನು. ಸುದ್ದಿ ಬಂದ ದಿನ ಅಪ್ಪ ಕೂಗಾಡಲಿಲ್ಲ, ಊಟ ಬಿಡಲಿಲ್ಲ. ಗೋಡೆಯ ಮೇಲಿದ್ದ ಅವಳ ಫೋಟೋ ತೆಗೆದು ಟ್ರಂಕಿನಲ್ಲಿಟ್ಟ, ಶಾಲೆಗೆ ಹೋದ. ಆಮೇಲೆ ಅವಳ ಹೆಸರು ನಮ್ಮ ಮನೆಯಲ್ಲಿ ಕೇಳಲಿಲ್ಲ. ಅವ್ವ ಆ ಹೆಸರನ್ನು ದೇವರ ಮುಂದೆ ಮಾತ್ರ ಹೇಳುತ್ತಿದ್ದಳು, ಅದೂ ತುಟಿಯೊಳಗೆ.

ಸಂಕ್ರಮಣ ಹತ್ತಿರ ಬಂದಾಗ ಅತ್ತೆ ಜಮಖಂಡಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಕಸ್ತೂರಿಗೆ ಕರಿ ಸೀರಿ ತಂದೀರೇನು?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಪೇಪರು ಮಡಚಿದ.

"ಯಾವ ಕಸ್ತೂರಿ?"

"ನಿನಗ ಎಷ್ಟ ಮಂದಿ ಕಸ್ತೂರಿ ಅದಾರು?"

"ಆ ಮದುವಿಗೆ ನಾ ಹೋಗಿಲ್ಲಕ್ಕಾ. ನನ್ನ ಪಾಲಿಗೆ ಅದು ಆಗೇ ಇಲ್ಲ."

"ನಾನೂ ಹೋಗಿಲ್ಲ. ನನ್ನ ಕರದಿಲ್ಲ, ಒಂದ ತುತ್ತು ಊಟ ಹಾಕಿಲ್ಲ. ಆ ಸಿಟ್ಟು ನನಗೂ ಐತಿ. ಹಂಗಂತ ಹುಡುಗಿ ಮೊದಲನೇ ಸಂಕ್ರಮಣ ಬಿಡಾಕ ಬರತೈತೇನು?"

"ನನ್ನ ಮುಂದ ಆ ಮಾತ ತಗೀಬ್ಯಾಡ."

ಅತ್ತೆ ಮತ್ತೆ ಆ ಮಾತು ತೆಗೆಯಲಿಲ್ಲ. ಚಹಾ ಕುಡಿದಳು. ಅವ್ವನ ಚಕ್ಕುಲಿ ಮೆತ್ತಗಾಗಿವೆ ಅಂದಳು. ಕೈಗೆ ಆಗುತ್ತಾಳೆ ಎಂದು ನನ್ನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಅತ್ತೆ ಸೋತದ್ದನ್ನು ನಾನು ಅದೇ ಮೊದಲ ಸಲ ನೋಡಿದೆ ಅಂದುಕೊಂಡೆ. ಬಸ್ಸು ಊರು ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿ ಕೇಳಿದಳು: "ನಿನಗ ಅಕಿ ಕಾಗದ ಬರತಾವಂತ ನನಗ ಗೊತ್ತೈತಿ. ಬೀಳಗ್ಯಾಗ ಕಸ್ತೂರಿ ಮನಿ ಎಲ್ಲೈತಿ? ನಿಮ್ಮ ಮಾಮಾಗ ಗುರುತ ಹೇಳಿ ಕಳಸು."

ಮರುದಿನ ಮಾಮಾ ಬೀಳಗಿಗೆ ಹೋಗಿ ಸಂಜೆ ತಿರುಗಿ ಬಂದ.

"ಇಬ್ರೂ ಬರತಾರಂತ. ಹುಡುಗ ಛಲೋ ಅದಾನ. ಚಹಾ ಅವನ ಮಾಡಿ ಕೊಟ್ಟ."

"ಹೆಂಗಿತ್ತು?"

"ಸಕ್ರಿ ಮುಂದಾಗಿತ್ತು."

"ನಡೀತೈತಿ," ಅಂದಳು ಅತ್ತೆ. ಬೇರೆಯವರ ಕೈಯಡುಗೆಗೆ ಅವಳು ಅಷ್ಟು ದೊಡ್ಡ ಪ್ರಶಸ್ತಿ ಕೊಟ್ಟದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಆದರೆ ಓಣಿಯ ಹೆಂಗಸರಿಗೆ ಸುದ್ದಿ ಗೊತ್ತಾಗಿತ್ತು. ಕರೆಯಲು ಹೋದಾಗ ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಸೊಂಟನೋವು, ಮತ್ತೊಬ್ಬಳಿಗೆ ಅದೇ ದಿನ ತೇರದಾಳಕ್ಕೆ ಹೋಗಲೇಬೇಕಾದಂಥ ಕೆಲಸ. ಇಡೀ ಓಣಿಗೆ ಒಟ್ಟಿಗೆ ರೋಗ ಬಡಿದಿತ್ತು. ಅತ್ತೆ ಯಾರ ಜೊತೆಗೂ ವಾದ ಮಾಡಲಿಲ್ಲ. "ಪಾಪ, ಬರಬ್ಯಾಡ್ರಿ," ಅಂದಳು. "ಇಡೀ ಮನಿಮಂದಿಗೆ ಆಗೂವಷ್ಟು ನನ್ನ ಶೇಂಗಾ ಹೋಳಿಗಿ ಕಳಸತೇನಿ. ನಿಮ್ಮ ಹಂತ್ಯಾಕ ಕುಂತು ತಿನಿಸಿ ಬರ್ರಿ ಅಂತ ಇವರಿಗೆ ಹೇಳತೇನಿ." ಇವರು ಎಂದರೆ ಮಾಮಾ. ಅತ್ತೆಯ ಶೇಂಗಾ ಹೋಳಿಗೆಯನ್ನು ಮುರಿಯಲು ಮಾಮಾ ಮಗ್ಗದ ಶೆಡ್ಡಿನಿಂದ ಸುತ್ತಿಗೆ ತರುತ್ತಾನೆ ಎಂಬ ಮಾತು ಊರಲ್ಲಿ ಪ್ರಚಾರದಲ್ಲಿತ್ತು. ಅದು ಸುಳ್ಳು. ಅವನು ಬಳಸುತ್ತಿದ್ದದ್ದು ಒರಳು. ಹಬ್ಬದ ಹೊತ್ತಿಗೆ ಓಣಿಯ ರೋಗವೆಲ್ಲ ವಾಸಿಯಾಗಿತ್ತು.

ಜಮಖಂಡಿಗೂ ಒಬ್ಬ ನೇಕಾರನ ಕೈಯಲ್ಲಿ ಸಂದೇಶ ಹೋಯಿತು: ವರ್ಷದಂಗ ಎಳ್ಳು ಇಸಗೊಳ್ಳಾಕ ಬಾ, ನೀ ಬರದಿದ್ರ ನಾನ ನಿನ್ನ ಸಾಲಿಗೆ ಬಂದು, ಹುಡುಗರ ಮುಂದ ನಿನ್ನ ಬಾಯಾಗ ಹಾಕಿ ಬರತೇನಿ. ಜಮಖಂಡಿಯ ಹುಡುಗರನ್ನೆಲ್ಲ ನಡುಗಿಸುವ ನಮ್ಮ ಅಪ್ಪ ಈ ಭೂಮಿಯ ಮೇಲೆ ಹೆದರುತ್ತಿದ್ದದ್ದು ಒಬ್ಬಳಿಗೆ ಮಾತ್ರ.

ಸಂಕ್ರಮಣದ ದಿನ ಮಧ್ಯಾಹ್ನ ಕಸ್ತೂರಿ, ಅವಳ ಗಂಡ ಬಂದರು. ಅತ್ತೆ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಏನಬೇ, ರಿಜಿಸ್ಟರ್ ಆಫೀಸಿನಾಗ ಹೊಟ್ಟಿಗೆ ಹಾಕೂದಿಲ್ಲೇನು? ಇಷ್ಟ ಸೊರಗೀದಿ."

ಕಸ್ತೂರಿ ನಗಲು ಹೋಗಿ ಅತ್ತಳು. ಅಳುವುದಕ್ಕೆ ಈಗ ಪುರಸೊತ್ತಿಲ್ಲ ಎಂದು ಅತ್ತೆ ಅವಳ ಕೈಗೆ ಕರಿ ಸೀರೆ ಕೊಟ್ಟಳು. ಮಾಮಾ ತನ್ನ ಮಗ್ಗದಲ್ಲೇ ಇಳಿಸಿದ ಸೀರೆ, ಕೆಂಪು ಅಂಚು. ಆಮೇಲೆ ಒಡವೆಗಳು ಹೊರಗೆ ಬಂದವು. ಸರ, ವಂಕಿ, ಡಾಬು ಎಲ್ಲ ಎಂದಿನಂತೆ. ಕೊನೆಗೆ ಬಂದದ್ದು ಕಿರೀಟ. ಬೇರೆ ಸೊಸೆಯಂದಿರಿಗೆ ಹಣೆಯ ಮೇಲೊಂದು ಪಟ್ಟಿ ಕಟ್ಟುತ್ತಿದ್ದಳು, ಅಷ್ಟೇ. ಇದು ಬಯಲಾಟದ ರಾಜನಿಗೂ ಭಾರವಾಗುವಂಥ ಕಿರೀಟ.

"ಇಷ್ಟ ದೊಡ್ಡದು ಯಾಕ ಮಾಡಿದಿ ಅತ್ತಿ? ತಲಿ ಮ್ಯಾಲ ನಿಂದರೂದಿಲ್ಲ," ಅಂದೆ.

"ನಿಂದರೂದಿಲ್ಲಂತ ನನಗ ಗೊತ್ತಿಲ್ಲೇನು? ಬಾಯಿ ಮುಚ್ಚಿ ಬತ್ತಿ ಹೊಸಿ."

ಸಂಜೆಯ ಬಸ್ಸಿಗೆ ಅಪ್ಪ ಬಂದ, ಹಿಂದೆ ಅವ್ವ. ಅವ್ವ ನೇರ ಒಳಗೆ ಬಂದು, ಮಣೆಯ ಮೇಲೆ ಕೂತಿದ್ದ ಮಗಳನ್ನು ನೋಡಿ, ಕಂಬ ಹಿಡಿದು ನಿಂತುಬಿಟ್ಟಳು. ಅಪ್ಪನಿಗೆ ಇದೇನೂ ಗೊತ್ತಿಲ್ಲ. ಹೊರಗಿನ ಕಟ್ಟೆಯ ಮೇಲೆ ಮಾಮಾ ಇದ್ದ, ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಹುಡುಗ. ಅಪ್ಪ ಅವನ ಮಗ್ಗುಲಿಗೇ ಕೂತು, ಮಾಸ್ತರರ ರೂಢಿಯಂತೆ ವಿಚಾರಣೆ ಶುರು ಮಾಡಿದ.

"ಯಾವೂರಪಾ?"

"ಬೀಳಗಿ ರೀ."

"ಏನ ಮಾಡಕೊಂಡಿ?"

"ಸಾಲ್ಯಾಗ ಮಾಸ್ತರ ಅದೇನ್ರಿ."

ಅಪ್ಪನಿಗೆ ಗುರುತು ಹತ್ತಿತು. ಹುಡುಗ ಎದ್ದು ನಿಂತ. ಮಾಮಾ ತನ್ನ ಧೋತರಕ್ಕೆ ಹತ್ತಿದ ನೂಲಿನ ಎಳೆಗಳನ್ನು ಬಹಳ ಶ್ರದ್ಧೆಯಿಂದ ಆರಿಸತೊಡಗಿದ. ಅಪ್ಪ ಕೊಡೆ ಹುಡುಕಿ ಎದ್ದೇಬಿಟ್ಟ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಧ್ವನಿ ಬಂತು.

"ತಮ್ಮಾ, ಒಳಗ ಬಾ. ಇಲ್ಲೊಂದೀಟ ಕೈ ಬೇಕಾಗೇತಿ."

"ಹೆಂಗಸರೊಳಗ ನಂದೇನು ಕೆಲಸ?"

"ಕೆಲಸ ಐತಿ ಅಂತನ ಕರದೇನಿ. ಉದ್ದ ಕೈ ಇದ್ದವರ ಯಾರೂ ಇಲ್ಲಿಲ್ಲ. ಲಗೂನ ಬಾ, ನನ್ನ ಕೈ ನಡಗಾಕತ್ಯಾವು."

ಅಪ್ಪ ಬಾಗಿಲಿಗೆ ಬಂದ. ಹೆಂಗಸರೆಲ್ಲ ಸರಿದು ದಾರಿ ಬಿಟ್ಟರು. ಕಸ್ತೂರಿ ತಲೆಯೆತ್ತಲಿಲ್ಲ. ಅತ್ತೆ ಕಿರೀಟವನ್ನು ಅವಳ ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದಳು. ಅದು ಒಂದು ಕಡೆಗೆ ವಾಲುತ್ತಿತ್ತು.

"ಹಿಡಿ," ಅಂದಳು. "ನಾ ಹಿಂದ ದಾರ ಕಟ್ಟೂತನಕ ಎರಡೂ ಕೈಲೆ ಒತ್ತಿ ಹಿಡಿ. ಬಿಟ್ಟರ ಬಿದ್ದು ಚೂರಾಗತೈತಿ, ಆಮ್ಯಾಲ ನನಗ ಅನ್ನಬ್ಯಾಡ."

ಕೈಯಿಂದ ಜಾರುತ್ತಿರುವ ವಸ್ತುವನ್ನು ಯಾರಾದರೂ ಏನು ಮಾಡುತ್ತಾರೆ? ಅಪ್ಪ ಮುಂದೆ ಬಾಗಿ ಹಿಡಿದ. ಹಿಡಿಯಬೇಕೆಂದರೆ ತಲೆಯ ಮೇಲೆ ಕೈಯಿಡದೆ ಬೇರೆ ದಾರಿಯಿರಲಿಲ್ಲ. ಅವನ ಎರಡೂ ಅಂಗೈಗಳು ಕಸ್ತೂರಿಯ ತಲೆಯ ಮೇಲೆ ಕೂತವು.

ಅತ್ತೆ ಹಿಂದೆ ಕೂತು ದಾರದ ಜೊತೆ ಹೆಣಗತೊಡಗಿದಳು. ಮಗ್ಗದಲ್ಲಿ ನೂಲು ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುವ ಹೆಂಗಸು ಅವಳು. ಅವತ್ತು ಆ ಒಂದು ಗಂಟಿಗೆ ಹಿಡಿದ ಹೊತ್ತಿನಲ್ಲಿ ಅರ್ಧ ಸೀರೆ ನೇಯಬಹುದಿತ್ತು. ಕಟ್ಟಿದಳು, ಬಿಚ್ಚಿದಳು, ದಾರ ಸರಿಯಿಲ್ಲ ಎಂದು ಬೈದಳು, ಮತ್ತೆ ಕಟ್ಟಿದಳು. ಯಾರೂ ಹಾಡಲಿಲ್ಲ, ಯಾರೂ ಮಾತಾಡಲಿಲ್ಲ. ಅಪ್ಪ ಮೊದಲು ಗೋಡೆಯನ್ನು ನೋಡುತ್ತಿದ್ದ, ಆಮೇಲೆ ತೊಲೆಯನ್ನು. ಕಸ್ತೂರಿಯ ಭುಜ ಅಲುಗತೊಡಗಿದಾಗ ಕೆಳಗೆ ನೋಡಿದ.

"ಅಳಬ್ಯಾಡವಾ," ಅಂದ, ಯಾರಿಗೂ ಕೇಳಿಸಬಾರದೆಂಬಂತೆ. "ಅಲಗಾಡಿದ್ರ ಬೀಳತೈತಿ."

"ಇನ್ನೊಂದೀಟ ಹಿಡಕೋ ತಮ್ಮಾ," ಅಂದಳು ಅತ್ತೆ. "ಗಂಟು ಇನ್ನೂ ಬಿದ್ದಿಲ್ಲ."

ನಾನು ಅವಳ ಮಗ್ಗುಲಲ್ಲೇ ಕೂತಿದ್ದೆ. ಗಂಟು ಆಗಲೇ ಬಿದ್ದಿತ್ತು. ಅತ್ತೆಯ ಎರಡೂ ಕೈ ಮಡಿಲಲ್ಲಿ ಖಾಲಿ ಇದ್ದವು.